ಅದೇ ನೋವು

ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಮನೆಗಳಿಗೆ ಬಣ್ಣ ಬಳಿಯುವವನು. ಎಷ್ಟು ಉದ್ದ ಇದ್ದನೆಂದರೆ ಸೂರಿನ ಅಂಚಿಗೆ ಕುಂಚ ಮುಟ್ಟಿಸಲು ಅವನಿಗೆ ಸ್ಟೂಲೂ ಬೇಕಿರಲಿಲ್ಲ. ಮೂರು ವರ್ಷದ ಹಿಂದೆ ಎತ್ತರದ ಕಟ್ಟಡವೊಂದರ ಸಾರುವೆಗೆ ಕಟ್ಟಿದ್ದ ಹಲಗೆ ಮುರಿದು ಕೆಳಗೆ ಬಿದ್ದ. ಸೊಂಟದ ಮೂಳೆ ಪುಡಿಯಾಯಿತು. ಅಂದಿನಿಂದ ಅಕ್ಕನ ಮನೆಯ ಮಂಚವೇ ಅವನ ಲೋಕ. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟು ಓಡಾಟ, ಅಷ್ಟೇ. ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ಕಿಟಕಿಯ ಪಕ್ಕ, ಮಂಚ ಅದರ ಪಕ್ಕ. ಮನೆ ನಾಲ್ಕನೇ ಮಹಡಿಯಲ್ಲಿತ್ತು, ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ.

ನೋವಿಗೆ ಒಂದು ಗಟ್ಟಿ ಮಾತ್ರೆ ಇತ್ತು. ಅದನ್ನು ಬರೆದುಕೊಡುವ ಡಾಕ್ಟರನ್ನು ಅಕ್ಕ ತಮ್ಮ ಇಬ್ಬರೂ ಕಣ್ಣಾರೆ ಕಂಡಿರಲಿಲ್ಲ. ತಿಂಗಳಿಗೊಮ್ಮೆ ಫೋನ್ ಬರುತ್ತಿತ್ತು. ಹೆಂಗಸಿನ ಮೆತ್ತಗಿನ ದನಿ.

"ಅದೇ ನೋವಾ?"

"ಅದೇ ನೋವು, ಮೇಡಂ" ಎನ್ನುತ್ತಿದ್ದಳು ಅಕ್ಕ.

ಎರಡು ನಿಮಿಷದಲ್ಲಿ ಮಾತು ಮುಗಿದು, ಚೀಟಿ ಮೊಬೈಲಿಗೆ ಬಂದು ಬೀಳುತ್ತಿತ್ತು. ಬೀದಿ ಮೂಲೆಯ ಔಷಧಿ ಅಂಗಡಿಯವರು ಅದನ್ನು ನೋಡಿ ಮಾತ್ರೆ ಕೊಡುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಏಣಿ ಅಕ್ಕನ ಕೈ ಹಿಡಿದು ಹೇಳಿದ್ದ: "ಅಕ್ಕಾ, ಇದು ಬೇರೆ ನೋವು ಕಣೇ. ಸೊಂಟದ್ದಲ್ಲ. ಬೆನ್ನೊಳಗೆ ಕೆಂಡ ಇಟ್ಟ ಹಾಗಿದೆ. ಡಾಕ್ಟ್ರಿಗೆ ಹೇಳು."

ಅವಳು ಹೇಳಲಿಲ್ಲ. ಬೇರೆ ನೋವು ಅಂದರೆ ಕರೆದುಕೊಂಡು ಬನ್ನಿ ಅನ್ನುತ್ತಾರೆ. ಹಿಂದೊಮ್ಮೆ ಅವನನ್ನು ಕೆಳಗಿಳಿಸಿದಾಗ ಅವನು ಕೂಗಿಕೊಂಡ ಕೂಗು ಅವಳ ಕಿವಿಯಲ್ಲಿ ಇನ್ನೂ ಇತ್ತು. "ಅದೇ ನೋವು, ಸ್ವಲ್ಪ ಜಾಸ್ತಿ" ಎಂದಳು. ಡಾಕ್ಟರ್ ಮಾತ್ರೆ ಏರಿಸಿದರು. ಎರಡು ತಿಂಗಳ ನಂತರ ಇನ್ನೊಮ್ಮೆ ಏರಿಸಿದರು. ಏಣಿ ಹಗಲೆಲ್ಲ ಮಂಪರಿನಲ್ಲಿ ಬಿದ್ದಿರುತ್ತಿದ್ದ. ಕೂಗಾಟ ಇರಲಿಲ್ಲ. ಅವಳಿಗೆ ಅಷ್ಟೇ ಸಾಕಾಗಿತ್ತು.

ಈ ತಿಂಗಳು ಫೋನ್ ಬಂದಾಗ ಅದೇ ದನಿ ಬಿಗಿಯಾಗಿತ್ತು.

"ಇನ್ಮೇಲೆ ಈ ಮಾತ್ರೆ ಫೋನಲ್ಲಿ ಬರೆಯೋ ಹಾಗಿಲ್ಲಮ್ಮ. ಆನ್‌ಲೈನಲ್ಲೂ ಇಲ್ಲ. ಹೊಸ ಕಾನೂನು. ರೋಗಿನ ಎದುರಿಗೆ ಕೂರಿಸ್ಕೊಂಡು ನೋಡಿದ ಡಾಕ್ಟ್ರೇ ಬರೀಬೇಕು."

"ಅವನು ಎದ್ದು ಬರೋಕಾಗಲ್ಲ ಮೇಡಂ. ನಿಮಗೆ ಗೊತ್ತಲ್ಲ."

"ಯಾರೋ ಒಂದು ಹುಡುಗಿ ಐದು ಡಾಕ್ಟ್ರಿಗೆ ಫೋನ್ ಮಾಡಿ ಐವರ ಹತ್ರನೂ ಬರೆಸ್ಕೊಂಡಿದ್ಳಂತೆ. ಬೆಳಿಗ್ಗೆ ಏಳಲೇ ಇಲ್ಲ. ಅದಾದ್ಮೇಲೆ ನಮ್ಮ ಕೈ ಕಟ್ಟಿದ್ದಾರೆ. ನಾನೇನು ಮಾಡ್ಲಿ?"

ಡಬ್ಬಿಯಲ್ಲಿ ಆರು ಮಾತ್ರೆ ಉಳಿದಿದ್ದವು. ಎರಡು ದಿನಕ್ಕೆ ಆಗುವಷ್ಟು.

ಅಕ್ಕ ಔಷಧಿ ಅಂಗಡಿಗೆ ಓಡಿದಳು. ಅಂಗಡಿಯವರು ತಲೆ ಎತ್ತಲಿಲ್ಲ.

"ಎರಡು ವರ್ಷದಿಂದ ನೀವೇ ಕೊಡ್ತಿದ್ದೀರಲ್ಲಣ್ಣ. ನಮ್ಮನ್ನ ಬಲ್ಲಿರಿ."

"ಬಲ್ಲೆ. ಅದಕ್ಕೇ ನಿಮ್ಮ ಮುಖ ನೋಡೋಕಾಗ್ತಿಲ್ಲ. ಕೊಟ್ರೆ ನಾಳೆ ಈ ಬಾಗಿಲಿಗೆ ಬೀಗ ಬೀಳುತ್ತೆ."

ಮನೆಗೇ ಬಂದು ನೋಡುವ ಡಾಕ್ಟರು ಒಬ್ಬರಿದ್ದರು. ಹನ್ನೊಂದು ದಿನ ಕಾಯಬೇಕೆಂದರು. ಅಕ್ಕ ಬ್ಲೇಡಿನಿಂದ ಮಾತ್ರೆಗಳನ್ನು ಅರ್ಧ ಮಾಡಿದಳು, ಆಮೇಲೆ ಕಾಲು ಮಾಡಿದಳು. ಮೂರನೇ ದಿನ ಮಾತ್ರೆ ಸಾಲದೆ ಏಣಿಯ ಮೂಗು ಸೋರತೊಡಗಿತು. ಮೈಮೇಲಿನ ರೋಮ ನಿಂತು, ಚಾದರವೆಲ್ಲ ಬೆವರಿನಲ್ಲಿ ನೆನೆಯಿತು. ಜನ್ಮದಲ್ಲಿ ಅಕ್ಕನಿಗೆ ಒಂದು ಕೆಟ್ಟ ಮಾತಾಡದವನು ಬಾಯಿಗೆ ಬಂದಂತೆ ಬೈದ.

ಅಂದೇ ಅವಳು ಮೊಬೈಲಿನಲ್ಲಿ ಹುಡುಕಿ ಒಂದು ಜಾಲತಾಣ ಕಂಡುಕೊಂಡಳು. ಚೀಟಿ ಕೇಳಲಿಲ್ಲ. ವಯಸ್ಸು, ತೂಕ, ವಿಳಾಸ. ಕೊನೆಯಲ್ಲಿ ಒಂದು ಚೌಕ: ಡಾಕ್ಟರನ್ನು ಕಂಡಿದ್ದೀರಾ? ಅವಳು ಹೌದು ಎಂದು ಒತ್ತಿದಳು. ಎರಡು ದಿನಕ್ಕೆ ಹೆಸರಿಲ್ಲದ ಕವರಿನಲ್ಲಿ ಮಾತ್ರೆ ಬಂತು. ಬಣ್ಣ ಅದೇ. ಅಂಚು ಮಾತ್ರ ಸುಣ್ಣದಂತೆ ಉದುರುತ್ತಿತ್ತು, ಮೇಲೆ ಒಂದಕ್ಷರವೂ ಇರಲಿಲ್ಲ.

ಏಣಿ ಬಾಯಿ ತೆರೆದು ಕಾದಿದ್ದ. "ಕೊಡೇ ಅಕ್ಕಾ. ಬೇಗ."

ಅವಳ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ. ಬೆಳಿಗ್ಗೆ ಏಳದ ಆ ಹುಡುಗಿ ನೆನಪಾದಳು. ಅವಳ ಮನೆಯವರು ಬಾಗಿಲ ಬಳಿ ನಿಂತು ಕೂಗಿ ಕೂಗಿ ಎಬ್ಬಿಸಿರಬೇಕು. ಅಕ್ಕ ಲೋಟ ಕೆಳಗಿಟ್ಟಳು.

"ಇದು ಏನು ಅಂತ ನಂಗೆ ಗೊತ್ತಿಲ್ಲ ಕಣೋ. ಕೊಡಲ್ಲ."

"ಹಾಗಾದ್ರೆ ಹೀಗೇ ಕೊಲ್ತೀಯ ನನ್ನ?" ಎಂದು ಅವನು ಗೋಳೋ ಎಂದು ಅತ್ತ. ಅವಳು ಮಾತ್ರೆಗಳನ್ನು ಬಚ್ಚಲಿಗೆ ಸುರಿದು, ನೀರು ಹೊಯ್ದು, ಚಪ್ಪಲಿ ಕೂಡ ಹಾಕದೆ ಕೆಳಗಿನ ಮಹಡಿಗೆ ಇಳಿದಳು. ಅಲ್ಲಿ ಲಾರಿ ಡ್ರೈವರ್ ಒಬ್ಬರು ಅಣ್ಣ ತಮ್ಮಂದಿರೊಂದಿಗೆ ಇದ್ದರು.

"ಅಣ್ಣಾ, ಅವನನ್ನ ಇಳಿಸ್ಕೊಡಿ. ಅವನು ಎಷ್ಟೇ ಕೂಗಿದ್ರೂ ನಿಲ್ಲಿಸ್ಬೇಡಿ."

ಸಮವಸ್ತ್ರದ ನೀಲಿ ಬಟ್ಟೆ ಹರಿದು ಅವನನ್ನು ಕುರ್ಚಿಗೆ ಕಟ್ಟಿದರು. ನಾಲ್ಕು ಜನ ಕುರ್ಚಿಯ ನಾಲ್ಕು ಕಾಲು ಹಿಡಿದರು. "ಲೋಡು ಉದ್ದ ಇದೆ, ತಿರುವಲ್ಲಿ ಹುಷಾರು" ಎಂದು ಡ್ರೈವರ್ ನಗಿಸಲು ನೋಡಿದರು. ಯಾರೂ ನಗಲಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿ ಗೋಡೆಗೆ ತಗುಲಿದಾಗ ಅವನು ಹಾಕಿದ ಚೀತ್ಕಾರಕ್ಕೆ ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಅವಳು ಮುಂದೆ ಮುಂದೆ ಇಳಿಯುತ್ತಿದ್ದಳು, ಹಿಂದಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿದ್ದದ್ದು ಸಿಡುಕು ಮೋರೆಯ ಚಿಕ್ಕ ವಯಸ್ಸಿನ ಡಾಕ್ಟರ್. ಏಣಿಯನ್ನು ಮಗ್ಗುಲಿಗೆ ಹೊರಳಿಸಿ ಬೆನ್ನುಮೂಳೆಯ ಮೇಲೆ ಒಂದೊಂದೇ ಕಡೆ ಒತ್ತುತ್ತ ಬಂದರು. ಒಂದು ಕಡೆ ಬೆರಳಿಟ್ಟದ್ದೇ ತಡ, ಅವನ ಮೈ ಮಂಚದಿಂದ ಮೇಲಕ್ಕೆ ಹಾರಿತು. ಡಾಕ್ಟರ್ ಅಂಗಾಲಿಗೆ ಬೀಗದ ಕೈಯಿಂದ ಗೀರಿದರು.

"ಎಡಗಾಲು ಎಷ್ಟು ದಿನದಿಂದ ಹೀಗೆ ಸತ್ತ ಹಾಗಿದೆ?"

"ಒಂದು ತಿಂಗಳಿಂದ ಜೋಮು" ಎಂದ ಏಣಿ. "ಮಾತ್ರೆಗೆ ಹಾಗೆ ಅಂದ್ಕೊಂಡಿದ್ದೆ."

"ಜ್ವರ ಸುಡ್ತಿದೆ. ಬೆನ್ನುಮೂಳೆ ಪಕ್ಕ ಕೀವು ಕಟ್ಟಿರೋ ಹಾಗಿದೆ. ಇಷ್ಟು ದಿನ ಫೋನಲ್ಲಿ ಏನಂತ ಹೇಳ್ತಿದ್ರಿ?"

"ಅದೇ ನೋವು ಅಂತ ಹೇಳ್ತಿದ್ದೆ" ಎಂದಳು ಅಕ್ಕ. "ಅವನು ಬೇರೆ ಅಂದಿದ್ದ. ನಾನು ಹೇಳಲಿಲ್ಲ."

ಡಾಕ್ಟರ್ ಬೈಯುತ್ತಾರೆಂದು ಕಾದಳು. ಅವರು ಬೈಯಲಿಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಬರೆದುಕೊಂಡರು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು.

ಅಂದು ಮಧ್ಯಾಹ್ನವೇ ಬೆನ್ನು ಕುಯ್ದು ಕೀವು ತೆಗೆದರು. ಏಣಿ ಬದುಕಿದ. ಎಡಗಾಲಿಗೆ ಸ್ವಾಧೀನ ಮರಳಿ ಬರಲಿಲ್ಲ. ಎರಡು ತಿಂಗಳ ಮುಂಚೆ ತಂದಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಅವಳು ಶಸ್ತ್ರಚಿಕಿತ್ಸೆ ಮಾಡಿದವರನ್ನು ನೇರವಾಗಿ ಕೇಳಿದಳು. ಅವರೂ ನೇರವಾಗಿಯೇ ಹೇಳಿದರು: "ಉಳೀತಿತ್ತು."

ಏಣಿ ಆಸ್ಪತ್ರೆಯಲ್ಲಿ ಅಕ್ಕನಿಗೆ ಬೆನ್ನು ಹಾಕಿ ಮಲಗಿದ. ಅವಳು ಗಂಜಿ ತಂದರೆ ಕುಡಿಯುತ್ತಿದ್ದ, ಮುಖ ಒರೆಸಿದರೆ ಒರೆಸಿಕೊಳ್ಳುತ್ತಿದ್ದ. ಐದನೆಯ ದಿನ ಅವಳೇ ಬಾಯಿಬಿಟ್ಟಳು.

"ನನ್ನ ಕ್ಷಮಿಸು ಅಂತ ಕೇಳಲ್ಲ ಕಣೋ. ನೀನು ಕೂಗೋದು ಕೇಳೋಕಾಗ್ತಿರ್ಲಿಲ್ಲ ನಂಗೆ. ಅಷ್ಟೇ."

ಅವನು ಈ ಕಡೆ ತಿರುಗದೆಯೇ ಹೇಳಿದ: "ಇನ್ಮೇಲೆ ನನ್ನ ನೋವು ನಾನೇ ಹೇಳ್ತೀನಿ. ಮಧ್ಯ ಬಾಯಿ ಹಾಕ್ಬೇಡ."

"ಆಯ್ತು."

ಅಕ್ಕ ಮರುವಾರ ನೆಲಮಹಡಿಯಲ್ಲೊಂದು ಮನೆ ಹಿಡಿದಳು. ಕಿಟಕಿಯ ಎದುರಿಗೇ ಪಕ್ಕದ ಕಟ್ಟಡದ ಗೋಡೆ. ನಡುಹಗಲಿನಲ್ಲೂ ದೀಪ ಹಚ್ಚದೆ ಸೂಜಿಗೆ ದಾರ ಪೋಣಿಸಲಾಗದು. ಬಾಗಿಲಿಂದ ಬೀದಿಗೆ ಒಂದೇ ಮೆಟ್ಟಿಲು ಇತ್ತು. ಅದನ್ನೂ ಒಡೆಸಿ ಇಳಿಜಾರು ಮಾಡಿಸಿದಳು.