ಪಾಲದ ಹತ್ತಿರ

ಹೇಳಬೇಕಾದ ಮಾತನ್ನು ಕೌಸಲ್ಯಕ್ಕ ಕುಂಬ್ರದಿಂದ ಹೊರಡುವಾಗಲೇ ಬಾಯಿಪಾಠ ಮಾಡಿಕೊಂಡಿದ್ದರು. "ನೋಡು ಸೋನಾ, ನಮ್ಮ ಮನೆಮಾತು ನಿನಗೆ ಬರುದಿಲ್ಲ, ನಿಮ್ಮದು ನಮಗೆ ಬರುದಿಲ್ಲ. ಅಶ್ವಿತನನ್ನು ಬಿಟ್ಟುಬಿಡು." ಇಷ್ಟೇ. ಮಗ್ಗಿಯಷ್ಟೂ ಕಷ್ಟವಿಲ್ಲ. ಆದರೂ ಪಂಜ ದಾಟಿ, ಕಾಡಿನ ಗೇಟಿನ ಮುಂದೆ ಸೋನಾಳ ಕಾರಿನಿಂದ ಇಳಿಯುವವರೆಗೆ ಅದು ಗಂಟಲಿನಿಂದ ಮೇಲೆ ಬಂದಿರಲಿಲ್ಲ.

ನಾಳೆ ಭಾನುವಾರ. ಸೋನಾಳ ಅಪ್ಪ ಲೂಕೋಸ್, ಅಮ್ಮ ಸಾಲಿ ಕಡಬದಿಂದ ಮದುವೆ ಮಾತಿಗೆ ಬರುವವರು. ಅವರು ಬಂದು ಚಾ ಕುಡಿದು ಹೋದರೆ ಮುಗಿಯಿತು, ಆಮೇಲೆ ಬೇಡ ಅನ್ನಲು ಬಾಯಿ ಬಂದೀತೇ? ಮಗ ಅಶ್ವಿತ್ ಅಂತೂ ಹೇಳಿದ್ದು ಕೇಳುವ ಆಸಾಮಿಯಲ್ಲ. ಹುಡುಗಿಗೇ ಹೇಳಬೇಕು, ಇವತ್ತೇ ಹೇಳಬೇಕು.

ಹುಡುಗಿ ಕೆಟ್ಟವಳಲ್ಲ, ಅದೇ ದೊಡ್ಡ ತಲೆಬಿಸಿ. ಪುತ್ತೂರಿನಲ್ಲಿ ಫಿಸಿಯೋಥೆರಪಿ ಮಾಡುವವಳು. ಕೌಸಲ್ಯಕ್ಕನ ಮೊಣಕಾಲು ನೋಡಿ, "ಮಾತ್ರೆ ಸಾಕಮ್ಮ, ನಡೀಬೇಕು. ನಮ್ಮ ಕಡೆ ಒಳ್ಳೆ ಕಾಡುಂಟು, ನಾನು ಕರ್ಕೊಂಡು ಹೋಗ್ತೇನೆ" ಅಂದವಳೂ ಅವಳೇ. ಆದರೆ ಅವಳು ಫೋನಿನಲ್ಲಿ ತಾಯಿಯ ಜೊತೆ ಮಲಯಾಳ ಶುರುಮಾಡಿದರೆ ಕೌಸಲ್ಯಕ್ಕನಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತಿತ್ತು. ಆ ನಗು ಯಾಕೆ? ಯಾರ ಬಗ್ಗೆ? ನಾಳೆ ಮೊಮ್ಮಗು ಹುಟ್ಟಿ ಅದೂ ಹಾಗೇ ಮಾತಾಡಿದರೆ, ತುಳುವಿನಲ್ಲೇ ಬೈದು, ತುಳುವಿನಲ್ಲೇ ಮುದ್ದು ಮಾಡಿ ಬಾಳಿದ ತಾನು ತನ್ನ ಜಗಲಿಯಲ್ಲೇ ನೆಂಟರ ಹಾಗೆ ಕೂತು ಮಿಕಿಮಿಕಿ ನೋಡುವುದೇ? ಛೆ, ಬೇಡವೇ ಬೇಡ.

ಅರಣ್ಯ ಇಲಾಖೆಯವರು ಆ ಕಾಡಿನೊಳಗೆ ಕಾಲುದಾರಿಗಳನ್ನು ಬಿಡಿಸಿ, ಒಂದರಿಂದ ಇನ್ನೊಂದಕ್ಕೆ ಅಡ್ಡದಾರಿ ಕೂಡಿಸಿ, ಮರಗಳಿಗೆ ಕೆಂಪು, ಹಳದಿ ಪಟ್ಟಿ ಬಳಿದಿದ್ದರು. ನವೆಂಬರಿನ ಬೆಳಗು, ನರಪಿಳ್ಳೆಯ ಸುಳಿವಿಲ್ಲ. ಇಂಥಲ್ಲಿ ಹೇಳುವುದು ಸುಲಭ ಅಂದುಕೊಂಡದ್ದು ಉಲ್ಟಾ ಆಯಿತು. ಸದ್ದಿಲ್ಲದ ಜಾಗದಲ್ಲಿ ಆ ಮಾತು ಎಷ್ಟು ದೊಡ್ಡದಾಗಿ ಕೇಳೀತು ಎಂದೇ ಹೆದರಿಕೆ.

"ಸೋನಾ..."

"ಎಂತಮ್ಮ?"

"ಎಂತ ಇಲ್ಲ. ಜಿಗಣೆ ಉಂಟಾ ಅಂತ ಕೇಳಿದ್ದು."

ಹೀಗೆ ಜಿಗಣೆ ಆಯಿತು, ಹಾವಾಯಿತು, ಆನೆಯೂ ಆಯಿತು. ಕಾಡಿನಲ್ಲಿರುವ ಪ್ರಾಣಿಗಳೆಲ್ಲ ಮುಗಿದವು, ಮಾತು ಮಾತ್ರ ಬರಲಿಲ್ಲ. ಕಲ್ಲುಬೆಂಚಿನಲ್ಲಿ ಕೂತು ನೀರು ಕುಡಿದು ಎದ್ದು, ಸ್ವಲ್ಪ ದೂರ ಬಂದ ಮೇಲೆ ಸೋನಾ ತಲೆಗೆ ಕೈಯಿಟ್ಟಳು.

"ಅಯ್ಯೋ, ನಿಮ್ಮ ಚೀಲ! ಬೆಂಚಲ್ಲೇ ಬಾಕಿ. ಫೋನೂ ಅದ್ರಲ್ಲೇ ಉಂಟಲ್ವಾ? ನಾನು ಓಡಿ ತರ್ತೇನೆ. ನೀವು ಮೆಲ್ಲ ಹೋಗ್ತಾ ಇರಿ, ಪಾಲದ ಹತ್ರ ನಿಲ್ಲಿ, ಆಯ್ತಾ? ಅಲ್ಲಿಂದ ಆಚೆ ಒಬ್ರೇ ಹೋಗ್ಬೇಡಿ!"

ಅಂದವಳೇ ಓಡಿದಳು. ನೋಡಿ ಮಾರಾಯ್ರೆ, ಪಾಲೆಯನ್ನು ಪಾಲ ಅಂತಾಳೆ, ಒಂದು ಮರದ ಹೆಸರು ನೆಟ್ಟಗೆ ಬರುವುದಿಲ್ಲ ಎಂದು ಕೌಸಲ್ಯಕ್ಕ ಮೂಗು ಮುರಿದರು. ಪಾಲೆಮರ ಅವರಿಗೆ ಗೊತ್ತಿಲ್ಲದ್ದೇ? ಆಟಿ ಅಮಾವಾಸ್ಯೆಯಂದು ಖಾಲಿಹೊಟ್ಟೆಗೆ ಅದರ ತೊಗಟೆಯ ಕಷಾಯ ಕುಡಿದು ಕುಡಿದು, ಅದರ ಕಹಿಯೂ ಗೊತ್ತು, ವಾಸನೆಯೂ ಗೊತ್ತು. ಕವಲು ಬಂತು. ಕೆಂಪು ಪಟ್ಟಿಯ ದಾರಿ ಕೆಳಗಿಳಿಯುತ್ತಿತ್ತು, ಹಳದಿಯದು ಗುಡ್ಡ ಹತ್ತುತ್ತಿತ್ತು. ಮೇಲಿನಿಂದ ಪಾಲೆಹೂವಿನ ಗಾಢ ವಾಸನೆ ಬರುತ್ತಿತ್ತು. ಮೊಣಕಾಲು ಹಿಡಿದುಕೊಂಡು ಹತ್ತಿದರು. ಇತ್ತು, ದೊಡ್ಡ ಪಾಲೆಮರ. ಬುಡದಲ್ಲಿ ಕೂತರು.

ಕೂತರು, ಎದ್ದರು, ಮತ್ತೆ ಕೂತರು. ಸೆರಗಿನ ತುದಿ ತಿರುಚಿದರು. ಹುಡುಗಿ ಬರಲಿಲ್ಲ. ಬೆಂಚು ಅಷ್ಟು ದೂರವೇ? ಎಷ್ಟು ಹೊತ್ತಾದರೂ ಬಾರದಿದ್ದಾಗ ಎದೆಯೊಳಗೆ ಬೇರೆಯೇ ಒಂದು ಸಂಶಯ ಎದ್ದಿತು. ತಾನು ಹೇಳಲು ಬಂದದ್ದು ಅವಳಿಗೆ ಗೊತ್ತಾಗಿದೆ. ಅದಕ್ಕೇ ಬಿಟ್ಟು ಹೋಗಿದ್ದಾಳೆ. ಮುದುಕಿ ಕಾಡಿನಲ್ಲಿ ಅಲೆಯಲಿ ಅಂತ!

ಸಿಟ್ಟು ಬಂದದ್ದೇ ಸರಿ, ಬೆಳಗಿನಿಂದ ಹೂತುಹೋಗಿದ್ದ ಮಾತು ಸಲೀಸಾಗಿ ಹೊರಗೆ ಬಂತು. ಪಾಲೆಮರವನ್ನೇ ಎದುರಿಗಿಟ್ಟುಕೊಂಡು ಕೌಸಲ್ಯಕ್ಕ ಕೈ ಬೀಸಿ ಹೇಳಿದರು. "ನೋಡು ಸೋನಾ, ನಮ್ಮ ಮನೆಮಾತು ನಿನಗೆ ಬರುದಿಲ್ಲ! ಅಶ್ವಿತನನ್ನು ಬಿಟ್ಟುಬಿಡು!" ಸಾಲಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿದರು. "ಬಿಟ್ಟುಬಿಡು ನನ್ನ ಮಗನನ್ನು!"

ಕೆಳಗೆ ತರಗೆಲೆ ಸದ್ದಾಯಿತು. ಪೊದೆ ಸರಿಸಿಕೊಂಡು ಸೋನಾ ಮೇಲೆ ಬಂದಳು. ಎದೆಯವರೆಗೂ ಒದ್ದೆ, ಮೊಣಕೈ ತರಚಿ ರಕ್ತ, ಒಂದು ಕಾಲಿನಲ್ಲಿ ಶೂ ಇಲ್ಲ. ಹೆಗಲಲ್ಲಿ ಕೌಸಲ್ಯಕ್ಕನ ಚೀಲ ಮಾತ್ರ ಭದ್ರವಾಗಿತ್ತು.

"ಪಾಲದ ಹತ್ರ ನಿಲ್ಲಿ ಅಂದಿದ್ದೆ ಅಲ್ವಾ!" ಹುಡುಗಿಯ ದನಿ ಒಡೆದುಹೋಗಿತ್ತು.

"ನಿಂತಿದ್ದೇನಲ್ಲ! ಇದು ಪಾಲೆ ಅಲ್ಲದೆ ಮತ್ತೆಂತ?"

ಸೋನಾ ಮರವನ್ನು ನೋಡಿದಳು, ಕೌಸಲ್ಯಕ್ಕನನ್ನು ನೋಡಿದಳು. "ಪಾಲಂ ಅಮ್ಮ! ಸಂಕ! ಕೆಳಗೆ ಹೊಳೆ ದಾಟ್ಲಿಕ್ಕೆ ಮರದ ಸಂಕ ಉಂಟಲ್ಲ! ಅವಸರದಲ್ಲಿ ನಮ್ಮ ಭಾಷೆ ಬಂದುಬಿಟ್ತು. ಅಲ್ಲಿ ಹೋಗಿ ನೋಡಿದ್ರೆ ನೀವಿಲ್ಲ. ಬದಿಯಲ್ಲಿ ಮಣ್ಣು ಜಾರಿದ ಗುರುತು. ನೀವೇ ಬಿದ್ದದ್ದು ಅಂತ... ನೀರಿಗೆ ಇಳಿದೆ."

"ಈಜ್ಲಿಕ್ಕೆ ಬರ್ತದಾ ನಿಂಗೆ?"

"ಇಲ್ಲ."

ನೋಡಿ, ಕೌಸಲ್ಯಕ್ಕನಿಗೆ ಬೇಕಾದ ಸಾಕ್ಷಿ ಕೈಗೇ ಬಂದು ಬಿದ್ದಿತ್ತು. ಒಂದು ಮಾತು ಅರ್ಥವಾಗದೆ ಇಬ್ಬರಲ್ಲೊಬ್ಬರು ಸಾಯುತ್ತಿದ್ದರು. ಅದಕ್ಕೇ ಬೇಡ ಅಂದದ್ದು ಎಂದು ಈಗಲೇ ಹೇಳಬಹುದಿತ್ತು. ನಡುಗುತ್ತಿದ್ದ ಆ ಹುಡುಗಿಯ ಎದುರು ಅವರಿಂದ ಆಗಲಿಲ್ಲ.

"ನಾನು ಇಲ್ಲಿರುದು ಹೇಗೆ ಗೊತ್ತಾಯ್ತು?" ಎಂದಷ್ಟೇ ಕೇಳಿದರು.

"ನಿಮ್ಮ ಸ್ವರ ಕೇಳಿತು."

"ಎಂತ ಕೇಳಿತು?"

"ಬಿಟ್ಟುಬಿಡು ಅಂತ." ಸೋನಾ ಮುಖ ಒರೆಸಿಕೊಂಡಳು. "ನಂಗೆ ಹೋದ ಜೀವ ಬಂತಮ್ಮ. ಬೈತಾ ಇದ್ದಾರೆ, ಹಾಗಾದ್ರೆ ಜೀವ ಉಂಟು ಅಂತ ಓಡಿ ಬಂದೆ. ಆಮೇಲೇ ಅರ್ಥ ಆದದ್ದು, ನನಗೇ ಬೈದದ್ದು ಅಂತ."

ನಾಚಿಕೆಯಿಂದ ಕೌಸಲ್ಯಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗಿ ಅಳುತ್ತಾಳೆಂದು ಕಾದರು. ಅವಳು ಅಳಲಿಲ್ಲ. ಚೀಲ ಕೊಟ್ಟು, "ಹೋಗುವ. ಗೇಟಿಗೆ ಸಂಕ ದಾಟಿದ್ರೆ ಹತ್ತಿರ" ಅಂದಳು. ದಾರಿಯುದ್ದಕ್ಕೂ ಒಂದೇ ಒಂದು ಮಾತು ಆಡಲಿಲ್ಲ. ಇಷ್ಟು ದಿನ ಅವಳ ಮಾತು ತಿಳಿಯುವುದಿಲ್ಲವೆಂದು ಕುದಿದಿದ್ದ ಕೌಸಲ್ಯಕ್ಕನಿಗೆ ಈಗ ಅವಳು ಸುಮ್ಮನಿರುವುದೇ ತಡೆಯಲಾಗಲಿಲ್ಲ. ಮಲಯಾಳದಲ್ಲಾದರೂ ಎಂತಾದರೂ ಹೇಳಬಾರದೇ ಈ ಹುಡುಗಿ!

ಸಂಕ ಅಂದರೆ ಎರಡು ಮರದ ದಿಮ್ಮಿ, ಒಂದು ಬದಿಗೆ ಹಗ್ಗ. ಕೆಳಗೆ ಹೊಳೆ ತುಂಬಿ ಹರಿಯುತ್ತಿತ್ತು. ಈ ನೀರಿಗೆ ಇವಳು ಇಳಿದಳೇ ಎಂದು ಕೌಸಲ್ಯಕ್ಕ ಬಗ್ಗಿ ನೋಡಿದರು. ಸೋನಾ ಮುಂದೆ ಹತ್ತಿ ಹಿಂದಕ್ಕೆ ಕೈ ಚಾಚಿದಳು. ಹಿಡಿದುಕೊಂಡರು. ನಡುವೆ ಬಂದಾಗ ದಿಮ್ಮಿ ಅಲುಗಿತು, ಮೊಣಕಾಲು ಕೈಕೊಟ್ಟಿತು, ಒದ್ದೆ ಬೆರಳುಗಳು ಜಾರತೊಡಗಿದವು.

"ಬಿಡ್ಬೇಡ!" ಕೌಸಲ್ಯಕ್ಕ ಕಿರುಚಿದರು. "ಬಿಡ್ಬೇಡ ಸೋನಾ!"

ಸೋನಾ ನಿಂತಳು. ತಿರುಗಿ ನೋಡಲಿಲ್ಲ, ಹಿಡಿತ ಮಾತ್ರ ಬಿಗಿಮಾಡಿದಳು. "ಬಿಡುದಿಲ್ಲ. ನೀವು ಮರದ ಹತ್ರ ಹೇಳಿದ್ರೂ ಬಿಡುದಿಲ್ಲ, ನನ್ನ ಹತ್ರ ಹೇಳಿದ್ರೂ ಬಿಡುದಿಲ್ಲ."

ಆಚೆ ದಡ ಮುಟ್ಟಿದ ಮೇಲೂ ಕೌಸಲ್ಯಕ್ಕ ಆ ಕೈಯಿಂದ ತಮ್ಮ ಕೈ ತೆಗೆಯಲಿಲ್ಲ. ಸೆರಗಿನಿಂದ ಅವಳ ಮೊಣಕೈಯ ರಕ್ತ ಒರೆಸಿದರು. "ಇದು ಸಂಕ," ಅಂದರು ಗದರುವ ದನಿಯಲ್ಲಿ. "ನಾಳೆ ನಿನ್ನ ಅಮ್ಮ ಬಂದಾಗ ಅವರಿಗೂ ಹೇಳ್ತೇನೆ. ನಮ್ಮ ಮನೆಯಲ್ಲಿ ಇದಕ್ಕೆ ಸಂಕ ಅಂತ ಹೇಳುದು."