ಕುಂಡದ ಟೊಮೆಟೊ

ತಟ್ಟೆಯ ಅಂಚಿಗೆ ಸರಿಸಿದ್ದ ಟೊಮೆಟೊ ಹೋಳುಗಳನ್ನು ಅತ್ತೆ ನೋಡಿಯೇಬಿಟ್ಟರು.

"ಯಾಕಮ್ಮಾ, ಒಂದು ವಾರದಿಂದ ನೋಡ್ತಿದೀನಿ. ಹುಳಿಯಾ?"

"ಇಲ್ಲ ಅತ್ತೆ, ಹೊಟ್ಟೆ ತುಂಬ್ತು," ಎಂದಳು ಸೊಸೆ. ಊಟಕ್ಕೆ ಈಗ ತಾನೇ ಕೂತಿದ್ದಳು.

ಅದು ಬಾಲ್ಕನಿಯ ಕುಂಡದಲ್ಲಿ ಅತ್ತೆ ಬೆಳೆದ ಟೊಮೆಟೊ. ಕುಂಡದಲ್ಲಿ ಮಣ್ಣು ಕಾಣದಷ್ಟು ಕರಿ ಪುಡಿ ಹಾಸಿತ್ತು. ಕೃತಕ ಹುಲ್ಲಿನ ಮೈದಾನದಿಂದ ಮೊಮ್ಮಗಳು ಬೂಟು, ಕಾಲುಚೀಲ, ಜಡೆಯಲ್ಲೆಲ್ಲ ಹೊತ್ತು ತರುತ್ತಿದ್ದ ಪುಡಿ ಅದು. ಹುಡುಗಿ ಗೋಲ್ ಕೀಪರ್, ದಿನವೂ ನೆಲದ ಮೇಲೆ ಉರುಳಾಡುವವಳು. ತಲೆ ಬಾಚಿದರೆ ಬಾಚಣಿಗೆಯಿಂದಲೂ ಉದುರುತ್ತಿತ್ತು. ಒಳ್ಳೆಯ ಕರಿಮಣ್ಣು ಎಂದುಕೊಂಡು ಅತ್ತೆ ಗುಡಿಸಿ ಗುಡಿಸಿ ಗಿಡಕ್ಕೆ ಹಾಕುತ್ತಿದ್ದರು. ಅದನ್ನು ಮೊದಲ ಸಲ ಕಂಡಾಗ ಸೊಸೆ ನಕ್ಕುಬಿಟ್ಟಿದ್ದಳು.

"ಅದು ಮಣ್ಣಲ್ಲ ಅತ್ತೆ, ಹಳೇ ಟೈರಿನ ಪುಡಿ. ಬಿದ್ರೆ ಪೆಟ್ಟಾಗದೆ ಇರ್ಲಿ ಅಂತ ಹುಲ್ಲಿನ ಮಧ್ಯೆ ತುಂಬಿರ್ತಾರೆ."

"ಗಿಡಕ್ಕೆ ಏನಾದ್ರೂ ಆಗುತ್ತಾ?"

"ಏನೂ ಆಗಲ್ಲ ಬಿಡಿ."

ಆ ಮಾತು ಅವಳ ನಾಲಿಗೆಗೆ ರೂಢಿಯಾಗಿಹೋಗಿತ್ತು. ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳೇ ಕೋಚ್, ಆ ಮೈದಾನ ತಂದವಳೂ ಅವಳೇ. ಮೊದಲು ಹುಲ್ಲಿನ ಮೈದಾನವೆಲ್ಲ ಗಂಡು ಹುಡುಗರ ಪಾಲು. ಹುಡುಗಿಯರಿಗೆ ಉಳಿದದ್ದು ಗೋದಾಮಿನ ಹಿಂದಿನ ಕೆಸರು. ಕಂಡಕಂಡವರ ಕೈಕಾಲು ಹಿಡಿದು, ಜಗಳವಾಡಿ, ತನ್ನ ಹುಡುಗಿಯರಿಗೆಂದೇ ಒಂದು ಮೈದಾನ ಮಾಡಿಸಿದ್ದಳು. ಮಳೆ ಬಂದರೂ ಆಟ ನಿಲ್ಲುತ್ತಿರಲಿಲ್ಲ. ಆದರೆ ಪ್ರತಿ ಮಳೆಗೂ ಪುಡಿ ಚರಂಡಿಗಿಳಿದು ಕೆಳಗಿನ ಮೀನಿನ ಕೊಳ ಸೇರುತ್ತಿತ್ತು. ಕೊಳದವನು ಮೀನಿನ ಹೊಟ್ಟೆ ಸೀಳಿ, ಒಳಗಿನ ಕರಿ ಕಾಳು ತೋರಿಸಿದಾಗಲೂ ಅವಳು 'ಏನೂ ಆಗಲ್ಲ' ಎಂದೇ ಹೇಳಿದ್ದಳು. ಇವತ್ತು ಸಂಜೆ ಕ್ಲಬ್ಬಿನ ಸಭೆ. ಹೊಸದಾಗಿ ಪುಡಿ ತರಿಸುವುದೋ, ಮೈದಾನ ಮುಚ್ಚುವುದೋ ತೀರ್ಮಾನವಾಗಬೇಕು. ಅಲ್ಲಿ ಅವಳ ಮಾತಿಗೆ ಎದುರು ಹೇಳುವವರಿಲ್ಲ.

ಅತ್ತೆ ಒಂದು ಹೋಳಿನ ಮೇಲೆ ಉಪ್ಪು ಉದುರಿಸಿಕೊಂಡು ಬಾಯಿಗೆ ಹಾಕಿಕೊಂಡರು. ಮೊಮ್ಮಗಳ ತಟ್ಟೆಗೂ ಎರಡು ಹಾಕಲು ಹೋದರು. ಸೊಸೆಯ ಕೈ ತಾನಾಗಿ ಅಡ್ಡ ಬಂತು.

"ಅವಳಿಗೆ ಬೇಡ."

ಮೂವರೂ ಆ ಕೈಯನ್ನೇ ನೋಡಿದರು.

"ಏನೂ ಆಗಲ್ಲ ಅಂದಿದ್ಯಲ್ಲೇ?" ಅತ್ತೆಯ ದನಿಯಲ್ಲಿ ಕೊಂಕಿರಲಿಲ್ಲ. "ನಿನ್ನ ಮಾತು ನಂಬ್ಕೊಂಡು ನಾನು ದಿನಾ ತಿಂತಿದೀನಿ."

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆ ಪುಡಿಯಿಂದ ಏನಾದರೂ ಆಗುತ್ತದೋ ಇಲ್ಲವೋ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಮೈದಾನ ಕೈ ತಪ್ಪುತ್ತದೋ ಎಂಬ ಭಯ.

"ಗೊತ್ತಿಲ್ಲ ಅತ್ತೆ. ನಿಜವಾಗ್ಲೂ ನಂಗೆ ಗೊತ್ತಿಲ್ಲ."

"ಅದನ್ನ ಅವತ್ತೇ ಹೇಳಬಾರದಿತ್ತಾ?" ಅತ್ತೆ ಬಾಯಲ್ಲಿದ್ದದ್ದನ್ನು ಉಗುಳಲಿಲ್ಲ. ನಿಧಾನವಾಗಿ ನುಂಗಿ, ನೀರು ಕುಡಿದರು.

ಎಲ್ಲರಿಗಿಂತ ಮೊದಲು ಅರ್ಥವಾದದ್ದು ಮಗಳಿಗೆ. "ಅಮ್ಮಾ, ಮೈದಾನ ಮಾತ್ರ ಮುಚ್ಚಿಸ್ಬೇಡ," ಎಂದಳು.

ಸಂಜೆ ಕೊಳದವನು ಸಭೆಗೆ ಜಗಳಕ್ಕೆ ಸಿದ್ಧನಾಗಿಯೇ ಬಂದಿದ್ದ. ಅವನು ಬಾಯಿ ತೆರೆಯುವ ಮೊದಲೇ ಕೋಚ್ ಎದ್ದು ನಿಂತಳು.

"ಪುಡಿ ತರಿಸೋದು ಬೇಡ. ಇರೋದನ್ನ ತೆಗೆಸೋವರೆಗೂ ಗೇಟಿಗೆ ಬೀಗ ಹಾಕಿ. ಏನೂ ಆಗಲ್ಲ ಅಂತ ಹೇಳ್ಕೊಂಡು ಬಂದವಳು ನಾನೇ. ಗೊತ್ತಿಲ್ದೆ ಹೇಳ್ದೆ."

"ಹಾಗಾದ್ರೆ ಹುಡುಗೀರು ಎಲ್ಲಿ ಆಡ್ಬೇಕು?" ಯಾರೋ ಕೇಳಿದರು.

"ಗೋದಾಮಿನ ಹಿಂದೆ," ಎಂದಳು ಅವಳು. ಕಟ್ಟಿಕೊಂಡು ಬಂದಿದ್ದ ಜಗಳವನ್ನು ಏನು ಮಾಡುವುದೆಂದು ತಿಳಿಯದೆ ಕೊಳದವನು ಕುರ್ಚಿ ಎಳೆದು ಕೂತ.

ಮುಂದಿನ ವಾರ ಅಭ್ಯಾಸಕ್ಕೆ ಬಂದವರು ಅರ್ಧದಷ್ಟು ಹುಡುಗಿಯರು ಮಾತ್ರ. ಮಗಳು ಬಂದಳು, ಆದರೆ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದಾಗ ಅತ್ತೆ ಇಬ್ಬರನ್ನೂ ಬಾಗಿಲಲ್ಲೇ ತಡೆದರು. ಪಕ್ಕದಲ್ಲಿ ಆ ಕುಂಡ, ತೊಳೆದು ಖಾಲಿಯಾಗಿ ಕೂತಿತ್ತು.

"ಇದು ಮಣ್ಣು ತಾನೇ?"

"ಮಣ್ಣೇ ಅತ್ತೆ."

"ಗೊತ್ತಿದ್ದು ಹೇಳ್ತಿದೀಯಾ?"

"ಗೊತ್ತಿದ್ದೇ ಹೇಳ್ತಿದೀನಿ."

ಅತ್ತೆ ಹಳೆಯ ಚಮಚವೊಂದನ್ನು ತಂದು ಹೊಸ್ತಿಲ ಬಳಿ ಕೂತರು. ಮೊಮ್ಮಗಳ ಬೂಟಿಗೆ ಮೆತ್ತಿದ್ದ ಕೆಸರನ್ನು ಕೆರೆದು ಕೆರೆದು ಕುಂಡಕ್ಕೆ ಹಾಕತೊಡಗಿದರು. ಹುಡುಗಿ ಬೀಳದಂತೆ ತಾಯಿಯ ಭುಜ ಹಿಡಿದುಕೊಂಡು, ಇನ್ನೊಂದು ಕಾಲನ್ನೂ ಮುಂದಕ್ಕೆ ಚಾಚಿದಳು.