ಅತ್ತಿಮರಕ್ಕೆ ಕಟ್ಟಿದ್ದು

"ಗಬ್ಬದ ಕುದುರೆ ಹೊಟ್ಟೆಗೆ ಒದ್ದು ಮರಿ ಉದುರ್ಸಿದ್ಯಲ್ಲೋ. ಏಳನೇ ಕ್ಲಾಸು ದಾಟದೋನು ನೀನು. ಕತ್ತೆ ಕಾಯೋ ಯೋಗ್ತೇನೂ ಇಲ್ಲ ನಿಂಗೆ."

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚಲುವಯ್ಯ ಈ ಮಾತಾಡಿದ್ದು ಬೆಳಗಿನ ಹಾಜರಿಯ ಹೊತ್ತಿನಲ್ಲಿ, ಲೈನ್‌ಮನೆಗಳ ಆಳುಗಳೆಲ್ಲ ಕಾಫಿ ಕೊಯ್ಲಿಗೆ ಹೊರಟು ನಿಂತಿದ್ದಾಗ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿರಿಯಾಳು ಬೆಟ್ಟಮ್ಮ ಮಾತ್ರ, "ಒದ್ದಿದ್ರೆ ಕುದುರೆ ಸುಮ್ಕಿರ್ತಿತ್ತಾ ರೈಟ್ರೇ? ಇವನ ಹಲ್ಲೂ ಉದುರಿರ್ತಿದ್ವು" ಅಂದಳು.

ಬೈಸಿಕೊಂಡವನು ಲಾಯ ನೋಡಿಕೊಳ್ಳುವ ಧರ್ಮ. ಮೇಷ್ಟರ ಕೈಯಿಂದ ಬೆತ್ತ ಕಿತ್ತು, ಅವರೆದುರೇ ಮುರಿದು ಶಾಲೆ ಬಿಟ್ಟು ಬಂದವನು ಅವನು. ಆ ಸಿಟ್ಟು ಅವನೂರು ಪಾಳ್ಯದಿಂದ ಈ ಸಕಲೇಶಪುರದ ಬೆಟ್ಟದವರೆಗೂ ಅವನ ಜೊತೆಗೇ ಬಂದಿತ್ತು. ಇಲ್ಲಿ ಎಸ್ಟೇಟಿನ ಧಣಿ ಗೌಡರ ಲಾಯದಲ್ಲಿ ಮೂರು ಗಬ್ಬದ ಕುದುರೆಗಳಿದ್ದವು, ಅವಕ್ಕೆ ಅವನೇ ತಾಯಿ, ಅವನೇ ಸೂಲಗಿತ್ತಿ. ಮೂರು ವಾರದ ಹಿಂದೆ ಗೌರಿ ದಿನ ತುಂಬದೆ ಕಂದು ಹಾಕಿತ್ತು. ಈ ಬೆಳಗಿನ ಜಾವ ತುಂಗೆ. ಉಳಿದದ್ದು ಕೆಂಪಿ ಒಂದೇ. ಅದರ ಮರಿಯೂ ಹೋದರೆ ತಾನು ಒದ್ದದ್ದೇ ಊರ ಬಾಯಲ್ಲಿ ಸತ್ಯವಾಗಿ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು.

"ಆ ಸತ್ತ ಮರೀನ ಗುಂಡಿಗೆ ಹಾಕಿ ಸುಣ್ಣ ಹುಯ್ಯಿ, ಹೋಗು" ಎಂದ ಚಲುವಯ್ಯ.

ಧರ್ಮ ಗುಂಡಿ ತೋಡಲಿಲ್ಲ. ಒದ್ದಿದ್ದರೆ ಮರಿಯ ಮೈಮೇಲೆ ಬಾವು ಇರಬೇಕಲ್ಲ? ತನ್ನ ಪರವಾಗಿ ಸಾಕ್ಷಿ ಹೇಳಲು ಲೋಕದಲ್ಲಿ ಇದ್ದದ್ದು ಆ ಸತ್ತ ಜೀವವೊಂದೇ. ಅದನ್ನೂ ಅದರ ಹಿಂದೆ ಬಿದ್ದ ಮಾಸಿನ ಕಸವನ್ನೂ ಗೊಬ್ಬರದ ಚೀಲಕ್ಕೆ ತುಂಬಿ, ಹೆಗಲ ಮೇಲೆ ಹೊತ್ತು ರಸ್ತೆಗಿಳಿದ. ಮಂಗಳೂರಿನಿಂದ ಘಾಟಿ ಹತ್ತಿ ಬರುವ ಮೀನಿನ ಲಾರಿಗೆ ಅಡ್ಡ ನಿಂತ. ಡ್ರೈವರು ಚೀಲದೊಳಗೆ ಇಣುಕಿ ಮುಖ ಕಿವಿಚಿದ. ಆದರೂ ಎರಡು ಬುಟ್ಟಿ ಐಸು ಸುರಿದು, ಪಾಳ್ಯದ ದನದ ಆಸ್ಪತ್ರೆಯ ಬಾಗಿಲಿಗೇ ಇಳಿಸಿ ಹೋದ. ಅವನ ಹೆಸರು ಕೇಳಲಿಲ್ಲವಲ್ಲ ಎಂದು ಧರ್ಮ ಈಗಲೂ ಕೈಕೈ ಹಿಸುಕಿಕೊಳ್ಳುತ್ತಾನೆ.

ಡಾಕ್ಟರು ಮೀನಾಕ್ಷಮ್ಮ ಚೀಲ ಬಿಚ್ಚಿ ನೋಡಿದರು. "ನಾನು ಕುದುರೆ ಪಾಠ ಓದಿ ಹದಿನೈದು ವರ್ಷ ಆಯ್ತು ಮಾರಾಯ. ನೀನೇ ಹೇಳ್ಕೊಡ್ಬೇಕು ನಂಗೆ. ಹಿಂದಿನ ದಿನ ಮೇವು ಬಿಟ್ಟಿತ್ತಾ?"

"ಇಲ್ಲ ಅಮ್ಮ. ಹುರುಳಿ ಪೂರಾ ತಿಂದಿತ್ತು."

"ಕೆಚ್ಚಲು ಬಿಗಿದಿತ್ತಾ? ಜ್ವರ?"

"ಯಾವ್ದೂ ಇಲ್ಲ. ಮಲಗ್ತು, ಒಂದ್ ಗಳಿಗೇಲಿ ಹಾಕ್ಬುಡ್ತು. ಚೀಲ ಕಸ ಎಲ್ಲಾ ಒಟ್ಟಿಗೇ ಬಂದ್ವು. ಮರಿ ಕೊಳ್ತಿರ್ಲಿಲ್ಲ. ಈಗ ಎದ್ದು ನಿಂತ್ಕತದೆ ಅನ್ನೋ ಹಂಗಿತ್ತು."

ಗೌರಿಯ, ಕೆಂಪಿಯ ಸುದ್ದಿಯನ್ನೂ ಹೇಳಿದ. ಅವರು ಒಂದೊಂದನ್ನೂ ಬರೆದುಕೊಂಡರು. ತಾನು ಆಡಿದ ಮಾತನ್ನು ಇನ್ನೊಬ್ಬರು ಪೆನ್ನಿನಲ್ಲಿ ಬರೆದುಕೊಂಡದ್ದನ್ನು ಧರ್ಮ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಲಾಯದಲ್ಲಿ ಯಾವ್ದಾದ್ರೂ ಕುದುರೆಗೆ ನೆಗಡಿ ಆಗಿತ್ತಾ?"

ಆಗಿತ್ತು. ಎರಡು ತಿಂಗಳ ಹಿಂದೆ ಗೌಡರು ಬೆಂಗಳೂರಿನಿಂದ ತರಿಸಿದ ಬೂದು ಕುದುರೆಯ ಮೂಗು ವಾರವಿಡೀ ಸುರಿದಿತ್ತು. ಬೇರೆ ಕಟ್ಟೋಣ ಎಂದು ಚಲುವಯ್ಯನಿಗೆ ಹೇಳಿದರೆ, "ಮೊದ್ಲು ನಿನ್ ಮೂಗು ಒರೆಸ್ಕೊ" ಎಂದಿದ್ದ.

ಮೀನಾಕ್ಷಮ್ಮ ಹಿತ್ತಲಲ್ಲಿ ಮರಿಯನ್ನು ಕೊಯ್ದರು. ಮೈಮೇಲೆ ಎಲ್ಲೂ ಬಾವಿರಲಿಲ್ಲ. ಎದೆಗೂಡಿನಲ್ಲಿ ಹಳದಿ ನೀರು ನಿಂತಿತ್ತು, ಲಿವರು ಅಂತಾರಲ್ಲ, ಆ ಈಲಿಯ ತುಂಬ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. "ಇದು ವೈರಸ್ಸಿನ ಕೆಲಸ ಅನ್ಸುತ್ತೆ. ಅನ್ಸಿದ್ರೆ ಸಾಲ್ದು, ಬೆಂಗಳೂರಿನ ಲ್ಯಾಬು ಹೌದು ಅನ್ಬೇಕು" ಎಂದು ಈಲಿ, ಶ್ವಾಸಕೋಶ, ಕಸದ ತುಂಡುಗಳನ್ನು ಬಾಟಲಿಗೆ ಹಾಕಿ ಐಸಿನ ಡಬ್ಬಿಯಲ್ಲಿಟ್ಟರು.

ಮುಚ್ಚಳಕ್ಕೆ ಟೇಪು ಸುತ್ತುತ್ತಾ ಕೇಳಿದರು: "ಗೌರಿ ಹಾಕಿದ್ಳಲ್ಲ, ಆ ಕಸ ಏನ್ಮಾಡ್ದೆ?"

"ಅತ್ತಿಮರಕ್ಕೆ ಕಟ್ಟಿದ್ದೆ ಅಮ್ಮ."

ಹಸು ಈದರೆ ಊರಲ್ಲಿ ಹಾಗೇ ಮಾಡುವುದು. ಕಸವನ್ನು ಹುಲ್ಲಲ್ಲಿ ಸುತ್ತಿ ಹಾಲು ಒಸರುವ ಮರಕ್ಕೆ ಕಟ್ಟಿದರೆ ಕೆಚ್ಚಲು ಬತ್ತುವುದಿಲ್ಲ ಎಂಬ ನಂಬಿಕೆ. ಗೌರಿಗೂ ಒಳ್ಳೆಯದಾಗಲಿ ಎಂದು ಅವನು ಅದನ್ನೇ ಮಾಡಿದ್ದ. ಕುದುರೆಗಳಿಗೆ ದಿನಾ ಹುಲ್ಲು ಹಾಕುತ್ತಿದ್ದದ್ದು ಅದೇ ಮರದ ಕೆಳಗೆ.

ಮೀನಾಕ್ಷಮ್ಮ ಟೇಪು ಕೆಳಗಿಟ್ಟರು. ಬಾಗಿಲಾಚೆ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಹೇಳಿದರು: "ಆ ಕಸದ ತುಂಬಾ ರೋಗ ಇರುತ್ತೆ ಧರ್ಮ. ತುಂಗೆಗೆ ಬೂದು ಕುದುರೆಯಿಂದ್ಲೇ ಬಂತೋ, ಮರದ ಕೆಳಗೆ ಬಂತೋ ಹೇಳೋಕಾಗಲ್ಲ. ಇವತ್ತೇ ಇಳಿಸಿ ಸುಟ್ಟಾಕು. ಕೆಂಪೀನ ದೂರ ಕಟ್ಟು, ಮುಟ್ಟೋಕ್ಮುಂಚೆ ಕೈಕಾಲು ತೊಳ್ಕೊ, ಬಟ್ಟೆ ಬದ್ಲಾಯಿಸು. ಕಸ ಸುಡ್ಬೇಕು ಅಂತ ಗೌಡ್ರಿಗೆ ಬರೀತೀನಿ. ಯಾರು ಕಟ್ಟಿದ್ರು ಅಂತ ಬರ್ಯಲ್ಲ. ನೀನು ಹೇಳ್ದೆ ಇದ್ದಿದ್ರೆ ನಂಗೆ ತಿಳೀತಾನೇ ಇರ್ಲಿಲ್ಲ."

ಬೈಯುತ್ತಾರೆಂದು ಕಾದಿದ್ದ ಧರ್ಮ ಟೇಪನ್ನು ಎತ್ತಿಕೊಂಡು ಡಬ್ಬಿಗೆ ತಾನೇ ಸುತ್ತಿದ.

ಸಂಜೆಯೊಳಗೆ ಹುಲ್ಲಿನ ಗಂಟು ಬೂದಿಯಾಯಿತು, ಕೆಂಪಿ ಹಳೇ ಸ್ಟೋರಿಗೆ ಹೋಯಿತು. ಮಾರನೇ ದಿನ ಧರ್ಮ ಐಸಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತಿದ. "ಮೀನಾ?" ಎಂದ ಕಂಡಕ್ಟರು. "ಹೂಂ" ಎಂದ ಧರ್ಮ. "ಎಂಥಾ ಮೀನಯ್ಯ, ವಾಸನೇನೇ ಇಲ್ಲ?" "ಶ್ರೀಮಂತ್ರ ಮನೆ ಮೀನು ಸಾರ್."

ಲ್ಯಾಬಿನ ಕಾಗದ ಬರಲು ಮೂರು ವಾರ ಹಿಡಿಯಿತು. ಕುದುರೆಗೆ ನೆಗಡಿ ತರುವ ವೈರಸ್ಸೇ ಮರಿಯನ್ನೂ ಕೊಂದಿತ್ತು. ಗೌಡರಿಗೆ ಹೋದ ಪತ್ರದ ಕೊನೆಯಲ್ಲಿ ಮೀನಾಕ್ಷಮ್ಮ ಎರಡು ಸಾಲು ಸೇರಿಸಿದ್ದರು: ಮರಿಯ ಮೈಮೇಲೆ ಪೆಟ್ಟಿನ ಗುರುತಿರಲಿಲ್ಲ, ಕುದುರೆ ನೋಡಿಕೊಳ್ಳುವ ಧರ್ಮ ಕಂಡದ್ದನ್ನು ಕಂಡಂತೆ ಹೇಳಿದ್ದರಿಂದಲೇ ರೋಗ ಗೊತ್ತಾಯಿತು. ಗೌಡರು ಅದನ್ನು ಗಟ್ಟಿಯಾಗಿ ಓದಿಸಿದರು, ಚಲುವಯ್ಯನ ಕೈಯಲ್ಲೇ.

ಆದರೆ ಕೆಂಪಿಯ ಹೊಟ್ಟೆಯಲ್ಲಿ ಏನಿದೆಯೆಂದು ಯಾವ ಕಾಗದವೂ ಹೇಳಲಿಲ್ಲ. ಧರ್ಮ ಸ್ಟೋರಿನಲ್ಲೇ ಮಲಗಿ ದಿನ ಎಣಿಸಿದ. ಯುಗಾದಿ ಕಳೆದು ನಾಲ್ಕನೇ ಬೆಳಗ್ಗೆ ಕೆಂಪಿ ಈಯಿತು. ಹಣೆಯ ಮೇಲೆ ಬಿಳಿ ಬೊಟ್ಟಿನ ಹೆಣ್ಣು ಮರಿ. ಮೂರು ಸಲ ಮುಗ್ಗರಿಸಿ ನಾಲ್ಕನೇ ಸಲಕ್ಕೆ ಎದ್ದು ನಿಂತು ಮೊಲೆ ಹಿಡಿಯಿತು. ಬಿದ್ದ ಕಸವನ್ನು ಧರ್ಮ ಮೊದಲು ಸುಟ್ಟ, ಆಮೇಲೆ ಕೂತು ಅತ್ತ.

ಲೈನಿನವರೆಲ್ಲ ನೋಡಲು ಬಂದರು. ಚಲುವಯ್ಯನೂ ಬಂದ. ಅವತ್ತು ಹಾಜರಿಯಲ್ಲಿದ್ದ ಅದೇ ಜನ. "ಇವ್ನು ಒದ್ದಿಲ್ಲ ಅಂತಾಯ್ತಪ್ಪ" ಎಂದು ಚಲುವಯ್ಯ ನಕ್ಕ. "ಹಂಗಾರೆ ಎರಡು ಮರಿ ಹೋಗಿದ್ದು ಯಾರ್ ತಪ್ಪಿಂದ ಅಂತ ನೀನೇ ಹೇಳ್ಬುಡೋ, ದೊಡ್ಡ ಡಾಕ್ಟ್ರೇ."

ಬೂದು ಕುದುರೆಯ ಮೂಗಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ತಿಂಗಳಿಂದ ಅದನ್ನು ಮಸೆದು ಇಟ್ಟುಕೊಂಡಿದ್ದ. ಬೆಟ್ಟಮ್ಮನೂ ಅವನ ಬಾಯನ್ನೇ ನೋಡುತ್ತಿದ್ದಳು. ಚಲುವಯ್ಯನ ಹಿಂದೆ ಅತ್ತಿಮರ ಕಾಣುತ್ತಿತ್ತು, ಕೊಂಬೆಯಲ್ಲಿ ಇನ್ನೂ ತಾನೇ ಕಸ ಕಟ್ಟಿದ್ದ ಹುರಿಯ ಒಂದು ತುಂಡು ನೇತಾಡುತ್ತಿತ್ತು.

ಧರ್ಮ ಕೈ ತೊಳೆದ. ಗೂಟದ ಮೇಲಿದ್ದ ಒಗೆದ ಅಂಗಿ ತೊಟ್ಟು, ಜನರ ನಡುವೆ ದಾರಿ ಮಾಡಿಕೊಂಡು, ಮೀನಾಕ್ಷಮ್ಮನಿಗೆ ಸುದ್ದಿ ಮುಟ್ಟಿಸಲು ಪಾಳ್ಯದ ಬಸ್ಸಿನ ಕಡೆ ನಡೆದ.